"ಅದು ತಮಾಶಾ ರೀ, ನಾಟಕ ಅಲ್ಲ"



ಇವತ್ತು ಆಗಸ್ಟ್ 1. ಲೋಕಶಾಹೀರ ಅಣ್ಣಾಭಾವು ಸಾಠೆ ಹುಟ್ಟಿದ ದಿನ. ಬೆಳಿಗ್ಗೆಯಿಂದ ವಾಟ್ಸಾಪಿನಲ್ಲಿ ಅದೇ ಫೋಟೊ ಬರ್ತಾ ಇದೆ. ಗಡಿ ಭಾಗದ ನಮ್ಮ ಕೇರಿಗಳಲ್ಲಿ ಬ್ಯಾನರ್ ಕಟ್ಟಿದ್ದಾರೆ, ಸಂಜೆಗೆ ಡಿಜೆ ಹೇಳಿದ್ದಾರೆ. ನಾನೂ ಹೋಗಿ ಹಾರ ಹಾಕಿ ಬಂದೆ. ಹಾರ ಹಾಕುವಾಗ ಪಕ್ಕದಲ್ಲಿದ್ದ ಹುಡುಗನೊಬ್ಬ "ಅಣ್ಣಾ, ಇವರು ಎಂಎಲ್ಎ ಆಗಿದ್ರೇನು?" ಅಂತ ಕೇಳಿದ. ಅವನ ತಪ್ಪಲ್ಲ. ಫೋಟೊ ಕೊಟ್ಟಿದ್ದೀವಿ, ಕಥೆ ಕೊಟ್ಟಿಲ್ಲ. ಅದಕ್ಕೇ ಇದನ್ನ ಬರೀತಿದೀನಿ. ಉದ್ದ ಇದೆ, ಪುರುಸೊತ್ತಾದಾಗ ಓದಿ.

ಮೊದಲು ನನ್ನದೇ ಒಂದು ಅನುಭವ. ಕೆಲವು ವರ್ಷದ ಹಿಂದೆ ಒಂದು ರಂಗಶಿಬಿರಕ್ಕೆ ಹೋಗಿದ್ದೆ. ಹಿರಿಯರೊಬ್ಬರು ಮರಾಠಿ ಸಂಗೀತ ನಾಟಕದ ಚರಿತ್ರೆ ಹೇಳ್ತಿದ್ರು. ಚೆನ್ನಾಗೇ ಹೇಳಿದ್ರು. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್, 1880ರಲ್ಲಿ ಪುಣೆಯಲ್ಲಿ ಅವರು ಆಡಿಸಿದ 'ಸಂಗೀತ ಶಾಕುಂತಲ', ಆಮೇಲೆ ಬಾಲಗಂಧರ್ವರ ಕಂಠ, ಬಾಲಗಂಧರ್ವರ ಸೀರೆ. ಒಂದೂವರೆ ತಾಸು. ಪ್ರಶ್ನೆ ಕೇಳಿ ಅಂದಾಗ ನಾನು ಎದ್ದು "ಸರ್, ಅಣ್ಣಾಭಾವು ಸಾಠೆ ಬಗ್ಗೆ ಏನೂ ಹೇಳಲಿಲ್ಲ" ಅಂದೆ. ಅವರು ನಕ್ಕು "ಅದು ತಮಾಶಾ ರೀ, ನಾಟಕ ಅಲ್ಲ" ಅಂದರು. ಸಭೆಯೂ ನಕ್ಕಿತು. ನಾನು ಕೂತ್ಕೊಂಡೆ. ಆವತ್ತು ಉತ್ತರ ಹೊಳೀಲಿಲ್ಲ. ಇವತ್ತು ಹೇಳ್ತೀನಿ.

ಇಬ್ಬರೂ ಅಣ್ಣಂದಿರೇ. ಇಬ್ಬರೂ ನಾಟಕ ಬರೆದರು, ಇಬ್ಬರೂ ಬಣ್ಣ ಹಚ್ಚಿದರು, ಇಬ್ಬರ ನಾಟಕದಲ್ಲೂ ಮಾತಿಗಿಂತ ಹಾಡು ಮುಂದೆ. ಒಬ್ಬರದ್ದು 'ಸಂಗೀತ ನಾಟಕ' ಆಯ್ತು, ಇನ್ನೊಬ್ಬರದ್ದು 'ತಮಾಶಾ' ಆಗೇ ಉಳೀತು. ಯಾಕೆ? ಒಂದರಲ್ಲಿ ಆರ್ಗನ್ ಮತ್ತು ತಬಲಾ, ಇನ್ನೊಂದರಲ್ಲಿ ಢೋಲಕಿ, ಹಲಗಿ, ತುಂತುಣಿ. ಹಲಗಿ ಬಾರಿಸೋ ಕೈ ಯಾರದ್ದು ಅಂತ ನಿಮಗೆ ನಾನು ಹೇಳಬೇಕಾ? ನಮ್ಮ ಮುತ್ತ್ಯಾನ ಕೈ ಅದು. ಸತ್ತ ದನದ ತೊಗಲು ಎಳೆದು, ಹದ ಮಾಡಿ, ಚೌಕಟ್ಟಿಗೆ ಬಿಗಿದು, ಕಾಯಿಸಿ ಬಾರಿಸೋ ವಾದ್ಯ. ಮದುವೆಗೂ ಬೇಕು, ಹೆಣಕ್ಕೂ ಬೇಕು, ಊರ ಜಾತ್ರೆಗೂ ಬೇಕು. ಬಾರಿಸಿದವನು ಮಾತ್ರ ಚಾವಡಿ ಕಟ್ಟೆ ಹತ್ತೋ ಹಾಗಿರಲಿಲ್ಲ.

ಅಣ್ಣಾಭಾವು ಹುಟ್ಟಿದ್ದು 1920ರಲ್ಲಿ, ಸಾಂಗ್ಲಿ ಜಿಲ್ಲೆಯ ವಾಟೇಗಾಂವದ ಮಾಂಗ ಕೇರಿಯಲ್ಲಿ. ಮನೆಯಲ್ಲಿಟ್ಟ ಹೆಸರು ತುಕಾರಾಮ. ಮಾಂಗರು ಯಾರು ಅಂತ ದಕ್ಷಿಣದ ಗೆಳೆಯರು ಕೇಳ್ತಾರೆ: ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿ ತೆಗೆದು ನೋಡಿ, ಮಾಂಗ, ಮಾತಂಗ, ಮಿನಿಮಾದಿಗ ಒಂದೇ ಸಾಲಿನಲ್ಲಿವೆ. ಹಗ್ಗ ಹೊಸೆಯೋದು, ಬಾರಿಗೆ ಕಟ್ಟೋದು, ಹಲಗಿ ಬಾರಿಸೋದು, ಊರು ಕಾಯೋದು. ಕಾಯೋಕೂ ಅವರೇ, ಕಳವಾದರೆ ಪೊಲೀಸರು ಮೊದಲು ಹಿಡಿಯೋದೂ ಅವರನ್ನೇ. ಬ್ರಿಟಿಷರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಈ ಜನರ ಮೇಲೂ ಬಿದ್ದಿತ್ತು. ದಿನಾ ಹಾಜರಿ, ಊರು ಬಿಡೋಕೆ ಅಪ್ಪಣೆ.

ಶಾಲೆಗೆ ಹೋಗಿದ್ದು ಒಂದೂವರೆ ದಿನ. ಎರಡನೇ ದಿನ ಮಾಸ್ತರರ ಹೊಡೆತ ತಿಂದು ಬಿಟ್ಟ, ಮತ್ತೆ ಆ ಕಡೆ ತಲೆ ಹಾಕಲಿಲ್ಲ ಅಂತಾರೆ. ಹತ್ತು ಹನ್ನೊಂದರ ವಯಸ್ಸಿಗೆ ಅಪ್ಪ ಅವ್ವನ ಜೊತೆ ಮುಂಬಯಿಗೆ ಹೊರಟ. ರೈಲಿಗೆ ದುಡ್ಡಿಲ್ಲ, ನಡ್ಕೊಂಡೇ ಹೋದರು. ದಾರಿಯಲ್ಲಿ ಸಿಕ್ಕ ಕೂಲಿ ಮಾಡ್ತಾ, ತಿಂತಾ, ಮತ್ತೆ ನಡೀತಾ. ಮುಂಬಯಿಯಲ್ಲಿ ಹಮಾಲಿ, ಬಟ್ಟೆ ಗಂಟು ಹೊತ್ತು ಮಾರೋರ ಹಿಂದೆ ತಿರುಗಾಟ, ಆಮೇಲೆ ಮಿಲ್ಲಿನ ಕೆಲಸ. ಅಕ್ಷರ ಕಲಿತದ್ದು ಅಂಗಡಿ ಬೋರ್ಡು ಮತ್ತು ಸಿನಿಮಾ ಪೋಸ್ಟರ್ ನೋಡಿ.

ಆದರೆ ನಾಟಕ ಕಲಿತದ್ದು ಪೋಸ್ಟರ್ ನೋಡಿ ಅಲ್ಲ. ಇದನ್ನ ಜೀವನಚರಿತ್ರೆ ಬರೆಯೋರು ಎರಡು ಸಾಲಿನಲ್ಲಿ ಮುಗಿಸಿಬಿಡ್ತಾರೆ, ನನಗೆ ಇದೇ ಮುಖ್ಯ. ಮುಂಬಯಿಯಿಂದ ಊರಿಗೆ ವಾಪಸ್ ಬಂದಾಗ ಸಂಬಂಧಿ ಬಾಪು ಸಾಠೆಯ ತಮಾಶಾ ಫಡದಲ್ಲಿ ಸೇರಿಕೊಂಡ. ಫಡ ಅಂದರೆ ಮೇಳ, ಕಂಪನಿ. ಅಲ್ಲಿ ಬಾರಿಸೋದು, ಹಾಡೋದು, ಸೋಗು ಹಾಕೋದು, ಸಾವಿರ ಜನ ಗದ್ದಲ ಮಾಡ್ತಿರುವಾಗ ಒಂದೇ ಮಾತಿಗೆ ಅವರ ಬಾಯಿ ಮುಚ್ಚಿಸೋದು, ಎಲ್ಲ ಕೈಯಿಂದ ಕೈಗೆ ಬಂದ ವಿದ್ಯೆ. ಲಿಪಿಯಿಲ್ಲದ ವಿಶ್ವವಿದ್ಯಾಲಯ ಅದು. ಪಾರಿಜಾತ, ಸಣ್ಣಾಟ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ.

ತಮಾಶಾಕ್ಕೆ ಒಂದು ಕಟ್ಟು ಇದೆ. ಮೊದಲು 'ಗಣ', ಗಣಪತಿ ಸ್ತುತಿ. ಆಮೇಲೆ 'ಗವಳಣ', ಕೃಷ್ಣ ಬಂದು ಹಾಲು ಮೊಸರು ಮಾರೋ ಗೊಲ್ಲತಿಯರನ್ನ ತಡೆದು ಚೇಷ್ಟೆ ಮಾಡೋದು. ಲಾವಣಿ, ಮಾತಿನ ಜಟಾಪಟಿ. ಕೊನೆಗೆ 'ವಗ', ಅಂದರೆ ಕಥೆ. ರಾಜ ರಾಣಿ ಮಂತ್ರಿ. ಅಣ್ಣಾಭಾವು ಈ ಕಟ್ಟನ್ನ ಒಡೀಲಿಲ್ಲ. ಒಳಗಿದ್ದವರನ್ನ ಹೊರಗೆ ಕಳಿಸಿ, ಹೊರಗಿದ್ದವರನ್ನ ಒಳಗೆ ಕರೆದ. ಗಣದಲ್ಲಿ ಗಣಪತಿಯ ಜಾಗಕ್ಕೆ ನೆಲ, ದುಡಿಯುವ ಜನ, ಹುತಾತ್ಮರು ಬಂದರು. ಗವಳಣ ತೆಗೆದೇ ಹಾಕಿದ. ವಗದಲ್ಲಿ ರಾಜನ ಬದಲು ಸಾಹುಕಾರ, ಮಿಲ್ ಮಾಲಿಕ, ಓಟಿಗೆ ನಿಂತ ಸೇಟು, ಟೂರು ಹೊಡೆಯೋ ಮಂತ್ರಿ. ಎದುರಿಗೆ ರೈತ, ಕೂಲಿ, ಮಿಲ್ಲಿನ ಆಳು. ನಗಿಸೋ 'ಸೋಂಗಾಡ್ಯಾ' ಮಾತ್ರ ಹಾಗೇ ಉಳಿದ. ಈಗ ಅವನ ನಗೆ ಸಾಹುಕಾರನ ಮೇಲೆ ತಿರುಗಿತ್ತು ಅಷ್ಟೆ. 1945ರ 'ಅಕಲೇಚಿ ಗೋಷ್ಟ', ಆಮೇಲೆ 'ಶೇಟಜೀಂಚೆ ಇಲೆಕ್ಷನ್', 'ದೇಶಭಕ್ತ ಘೋಟಾಳೆ', 'ಮುಂಬಯಿ ಕುಣಾಚಿ'. ಮುಂಬಯಿ ಯಾರದ್ದು ಅನ್ನೋ ಆ ಕೊನೆಯ ನಾಟಕದ ಜಗಳ ಇವತ್ತಿನ ಬೆಂಗಳೂರಿಗೂ ಹಾಗೇ ಕೂರುತ್ತೆ: ಕಟ್ಟಿದವನದ್ದೋ, ಕಟ್ಟಡಕ್ಕೆ ದುಡ್ಡು ಹಾಕಿದವನದ್ದೋ?

ಲಾವಣಿಯನ್ನೂ ಬಿಡಲಿಲ್ಲ. ಲಾವಣಿ ಅಂದರೆ ಹೆಣ್ಣಿನ ಮೈಯನ್ನ ತಲೆಯಿಂದ ಕಾಲಿನವರೆಗೆ ಬಣ್ಣಿಸೋದು ಅಂತ ರೂಢಿ. 'ಮುಂಬಯಿಚಿ ಲಾವಣಿ'ಯಲ್ಲಿ ಅದೇ ಧಾಟಿಯಲ್ಲಿ ಊರನ್ನ ಬಣ್ಣಿಸಿದ. ಮೇಲೆ ಮಲಬಾರ್ ಹಿಲ್, ಕೆಳಗೆ ಕೊಳಗೇರಿ. ಮೈಮೇಲೆ ಎಲ್ಲಿ ಒಡವೆ, ಎಲ್ಲಿ ಹುಣ್ಣು ಅಂತ ತೋರಿಸಿದ ಹಾಗೆ.

1944ರಲ್ಲಿ ಬಾರ್ಶಿಯ ಅಮರ್ ಶೇಖ್ ಮತ್ತು ದ. ನಾ. ಗವಾಣಕರ್ ಜೊತೆ ಸೇರಿ 'ಲಾಲ್ ಬಾವಟಾ ಕಲಾಪಥಕ' ಕಟ್ಟಿದರು. ಬಾವಟಾ ಅಂದರೆ ಬಾವುಟ. ಒಬ್ಬ ಮಾಂಗ, ಒಬ್ಬ ಮುಸಲ್ಮಾನ, ಜೊತೆಗೆ ಗವಾಣಕರ್. ಗಿರಣಿ ಚಾಳು, ರೈತ ಸಮ್ಮೇಳನ, ಮುಷ್ಕರದ ಗೇಟು, ಎಲ್ಲೆಲ್ಲೂ ಆಡಿದರು. ಅಣ್ಣಾಭಾವು ಬರೆದ, ಬಾರಿಸಿದ, ಪಾತ್ರ ಮಾಡಿದ. ಶೇಖರ ಕಂಠ ಮೈದಾನದ ಕೊನೆಯ ಸಾಲಿಗೂ ಮುಟ್ಟುತ್ತಿತ್ತು. ಸ್ಟಾಲಿನ್‌ಗ್ರಾಡಿನ ಕಾಳಗದ ಮೇಲೆ ಅಣ್ಣಾಭಾವು ಪೋವಾಡ ಕಟ್ಟಿದ. ಶಿವಾಜಿ ಶೌರ್ಯಕ್ಕೆ ಇದ್ದ ಹಾಡಿನ ಧಾಟಿ ವೋಲ್ಗಾ ದಂಡೆಗೆ ಹೋಯ್ತು. ಅದಕ್ಕೂ ಮೊದಲು ಮಾಟುಂಗಾ ಲೇಬರ್ ಕ್ಯಾಂಪಿನಲ್ಲಿ ಅವನು ಕಟ್ಟಿದ ಪೋವಾಡ ಸೊಳ್ಳೆಗಳ ಮೇಲೆ. ನನಗೆ ಸ್ಟಾಲಿನ್‌ಗ್ರಾಡಿಗಿಂತ ಆ ಸೊಳ್ಳೆ ಪೋವಾಡದ ಮೇಲೇ ಪ್ರೀತಿ. ವೀರರಿಗೆ ಮೀಸಲಾದ ಹಾಡನ್ನ ಗಟಾರದ ಸೊಳ್ಳೆಗೆ ಕೊಡೋಕೆ ಆ ಗಟಾರದ ಪಕ್ಕ ಮಲಗಿರಬೇಕು.

ಸ್ವಾತಂತ್ರ್ಯ ಬಂತು. ಮುಂಬಯಿ ಸರ್ಕಾರಕ್ಕೆ ತಮಾಶಾ ಅಶ್ಲೀಲ ಅನ್ನಿಸಿತು, ನಿರ್ಬಂಧ ಹಾಕಿದರು. ಹಳೆ ಫಡಗಳ ಲಾವಣಿ ಜೊತೆ ಇವರ ಸೇಟು, ಮಂತ್ರಿಗಳೂ 'ಅಶ್ಲೀಲ'ದ ಬಲೆಗೆ ಬಿದ್ದರು. ಹಾಗಾದರೆ ಇದು ತಮಾಶಾ ಅಲ್ಲ, 'ಲೋಕನಾಟ್ಯ' ಅಂತ ಹೇಳಿ ಆಡಿದರು. ಇವತ್ತು ಯೂನಿವರ್ಸಿಟಿ ಸಿಲೆಬಸ್ಸಿನಲ್ಲಿ 'ಲೋಕನಾಟ್ಯ' ಅಂತ ಮರ್ಯಾದೆಯಿಂದ ಬರೀತಾರಲ್ಲ, ಆ ಹೆಸರು ಜನರ ಬಾಯಿಗೆ ಬಿದ್ದದ್ದು ಪೊಲೀಸರಿಂದ ತಪ್ಪಿಸಿಕೊಳ್ಳೋ ಉಪಾಯದಿಂದ. ಶಿಬಿರದ ಹಿರಿಯರಿಗೆ ಇದು ಗೊತ್ತಿದ್ದರೆ ನಗ್ತಿರಲಿಲ್ಲವೇನೋ.

ಈಗ ಒಂದು ಕಷ್ಟದ ಮಾತು. ಬಾಬಾಸಾಹೇಬರಿಗೆ ತಮಾಶಾ ಕಂಡರೆ ಆಗ್ತಿರಲಿಲ್ಲ. ಪಠ್ಠೇ ಬಾಪುರಾವ್ ಅಂತ ದೊಡ್ಡ ಲಾವಣಿಕಾರ, ಹುಟ್ಟಿನಿಂದ ಬ್ರಾಹ್ಮಣ. ಮಹಾರ ಜಾತಿಯ ಪವಳಾ ಅವನ ಫಡದ ಕಲಾವಿದೆ. ಆಟದ ಗಳಿಕೆಯನ್ನ ಚಳವಳಿಗೆ ಕೊಡೋಕೆ ಬಂದಾಗ, ನಮ್ಮ ಹೆಣ್ಣುಮಕ್ಕಳನ್ನ ಕುಣಿಸಿ ಬಂದ ದುಡ್ಡು ಬೇಡ ಅಂತ ಬಾಬಾಸಾಹೇಬರು ವಾಪಸ್ ಕಳಿಸಿದರು ಅನ್ನೋದು ಚಳವಳಿಯಲ್ಲಿ ಎಲ್ಲರೂ ಬಲ್ಲ ಕಥೆ. ನಾನು ಅದನ್ನ ಒಪ್ತೀನಿ. ಆದರೆ ಅದೇ ಕಾಲದಲ್ಲಿ ಭೀಮರಾವ್ ಕರ್ಡಕರಂಥವರು ತಮಾಶಾದ ಕಟ್ಟನ್ನೇ ತಗೊಂಡು ಅಂಬೇಡ್ಕರಿ ಜಲ್ಸಾ ಕಟ್ಟಿ ಊರೂರಿಗೆ ಚಳವಳಿ ಒಯ್ದರು. ಅದಕ್ಕೂ ಹಿಂದೆ ಫುಲೆ ದಾರಿಯ ಸತ್ಯಶೋಧಕ ಜಲ್ಸಾ ಇತ್ತು. ಅಣ್ಣಾಭಾವು ಈ ಸಾಲಿನಲ್ಲೇ ಬರ್ತಾರೆ, ಬಾವುಟದ ಬಣ್ಣ ಬೇರೆ ಇರಬಹುದು. ಗವಳಣ ತೆಗೆದದ್ದು ದೇವರನ್ನ ಹೊರಗೆ ಹಾಕೋಕೆ ಮಾತ್ರ ಅಲ್ಲ, ಹೆಣ್ಣನ್ನ ರೇಗಿಸೋ ನಗೆಯನ್ನೂ ಹೊರಗೆ ಹಾಕೋಕೆ ಅಂತ ನನ್ನ ಓದು. ಆದರೂ ಒಂದು ಪ್ರಶ್ನೆ ಹಾಗೇ ಉಳಿಯುತ್ತೆ. ಅವರ ವೇದಿಕೆ ಬದಲಾಯ್ತು. ಹಳೇ ಫಡಗಳಲ್ಲಿ ಕುಣಿದೇ ಹೊಟ್ಟೆ ಹೊರೀತಿದ್ದ ಕೋಲ್ಹಾಟಿ, ಮಹಾರ, ಮಾಂಗ ಹೆಣ್ಣುಮಕ್ಕಳ ಬದುಕು ಬದಲಾಗಲಿಲ್ಲ. ಶೈಲಜಾ ಪೈಕ್ ಅವರು ತಮಾಶಾದ ದಲಿತ ಮಹಿಳೆಯರ ಬಗ್ಗೆ ಮಾಡಿದ ಕೆಲಸ ಓದಿದ ಮೇಲೆ ಈ ಪ್ರಶ್ನೆಯನ್ನ ಹಾರಿಸಿ ಮುಂದೆ ಹೋಗೋಕೆ ನನಗೆ ಆಗ್ತಿಲ್ಲ.

ಇನ್ನೊಂದು ಮುಜುಗರ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಅವರ 'ಮಾಝಿ ಮೈನಾ' ಮನೆಮನೆಗೆ ಮುಟ್ಟಿತು. ಮುಂಬಯಿಗೆ ದುಡಿಯೋಕೆ ಬಂದವನು ಊರಲ್ಲಿ ಬಿಟ್ಟುಬಂದ ಹೆಂಡತಿಯನ್ನ ನೆನೆಯೋ ಹಾಡು. ಹಾಡ್ತಾ ಹಾಡ್ತಾ ಆ ವಿರಹ ನಾಡಿನ ವಿರಹ ಆಗುತ್ತೆ, ಬೇರೆಯವರ ಕೈಲಿ ಉಳಿದ ಊರುಗಳ ಹೆಸರು ಬರುತ್ತೆ. ಅದರಲ್ಲಿ ಬೆಳಗಾವಿ, ಕಾರವಾರ ಇವೆ! ಅದಕ್ಕೇ ಕೆಲವು ಕನ್ನಡದ ಗೆಳೆಯರು ಪ್ರತಿ ವರ್ಷ ನನ್ನನ್ನ ಕೇಳ್ತಾರೆ, ಬೆಳಗಾವಿ ಬೇಕು ಅಂದವನ ಜಯಂತಿ ನಿಮಗ್ಯಾಕೆ ಅಂತ. ನಾನು ಕನ್ನಡದವನೇ, ಬೆಳಗಾವಿ ಕರ್ನಾಟಕದ್ದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಗಡಿ ಗಲಾಟೆ ಎದ್ದಾಗ ಬಸ್ಸು ನಿಂತು ದಿನಗೂಲಿ ಕಳ್ಕೊಳ್ಳೋದು ಎರಡೂ ಕಡೆ ನಮ್ಮ ಕೇರಿಯವರೇ. ಹಾಡಿನ ಒಂದು ಸಾಲಿನ ಜೊತೆ ಜಗಳ ಆಡ್ತೀನಿ, ಹಾಡಿದವನನ್ನ ಬಿಟ್ಟುಕೊಡಲ್ಲ.

ಉಳಿದದ್ದು ಬೇಗ ಹೇಳ್ತೀನಿ, ಇದು ಎಲ್ಲ ಕಡೆ ಸಿಗುತ್ತೆ. 1958ರ ಮಾರ್ಚ್ 2, ಮುಂಬಯಿಯಲ್ಲಿ ಮೊದಲ ದಲಿತ ಸಾಹಿತ್ಯ ಸಮ್ಮೇಳನದ ಉದ್ಘಾಟನೆ. ಭೂಮಿ ನಿಂತಿರೋದು ಶೇಷನ ಹೆಡೆಯ ಮೇಲಲ್ಲ, ದಲಿತರ ಮತ್ತು ದುಡಿಯುವವರ ಅಂಗೈ ಮೇಲೆ ಅನ್ನೋ ಅರ್ಥದ ಮಾತು ಅಲ್ಲಿಯದೇ. 1959ರಲ್ಲಿ 'ಫಕೀರಾ' ಕಾದಂಬರಿ, ಅರ್ಪಣೆ ಬಾಬಾಸಾಹೇಬರಿಗೆ. 1961ರಲ್ಲಿ ರಷ್ಯಾ ಪ್ರವಾಸ. 30ಕ್ಕೂ ಹೆಚ್ಚು ಕಾದಂಬರಿ, ಕೆಲವು ಸಿನಿಮಾ ಆದವು. ಬಹಳಷ್ಟು ಬರೆದದ್ದು ಘಾಟಕೋಪರದ ಚಿರಾಗನಗರ ಕೊಳಗೇರಿಯ ಗುಡಿಸಲಲ್ಲಿ. 1969ರ ಜುಲೈ 18ಕ್ಕೆ ತೀರಿಕೊಂಡಾಗ ವಯಸ್ಸು 48, ಕೈಯಲ್ಲಿ ಕಾಸಿಲ್ಲ. ಮರು ತಿಂಗಳೇ ಅಮರ್ ಶೇಖರೂ ಹೋದರು.

2002ರಲ್ಲಿ ಅಂಚೆಚೀಟಿ ಬಂತು. 2022ರ ಸೆಪ್ಟೆಂಬರಿನಲ್ಲಿ ಮಾಸ್ಕೋದ ಒಂದು ಗ್ರಂಥಾಲಯದಲ್ಲಿ ಪ್ರತಿಮೆ ಇಟ್ಟರು, ಉದ್ಘಾಟಿಸಿದ್ದು ಆಗ ಮಹಾರಾಷ್ಟ್ರದ ಉಪಮುಖ್ಯಮಂತ್ರಿಯಾಗಿದ್ದ ದೇವೇಂದ್ರ ಫಡ್ನವೀಸ್. ಮಂತ್ರಿ ಟೂರಿನ ಮೇಲೆ ನಾಟಕ ಬರೆದವನ ಪ್ರತಿಮೆಗೆ ಮಂತ್ರಿ ಟೂರು! ಸೋಂಗಾಡ್ಯಾ ಇದ್ದಿದ್ದರೆ ಒಂದು ರಾತ್ರಿ ಪೂರ್ತಿ ಆಡ್ತಿದ್ದ. 2024ರಲ್ಲಿ ಇದೇ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟು ರಾಜ್ಯಗಳು ಒಳಮೀಸಲಾತಿ ಕೊಡಬಹುದು ಅಂದಾಗ ನಮ್ಮ ಕೇರಿಯ ಹಿರಿಯರೊಬ್ಬರು ಅಣ್ಣಾಭಾವು ಫೋಟೊ ಎದುರೇ ಪೇಡೆ ಹಂಚಿದರು. ತಾರೀಕು ಕೂಡಿಬಂದದ್ದು ಆಕಸ್ಮಿಕ, ಆದರೆ ಆ ಪೇಡೆ ನನಗೆ ಪ್ರತಿಮೆಗಿಂತ ದೊಡ್ಡದಾಗಿ ಕಂಡಿತು.

ಈ ಎಲ್ಲದರಲ್ಲಿ ಕಳೆದುಹೋದವನು ನಾಟಕದವನು. ಕಾದಂಬರಿ ಪುಸ್ತಕವಾಗಿ ಉಳಿಯುತ್ತೆ. ಮಿಲ್ ಗೇಟಿನ ಮುಂದೆ ಆಡಿದ ಆಟ ಆವತ್ತಿನ ರಾತ್ರಿಗೇ ಮುಗೀತು. ಅಣ್ಣಾಭಾವು ಹೇಗೆ ನಿಲ್ತಿದ್ದ, ಯಾವ ಮಾತಿಗೆ ಎಷ್ಟು ಹೊತ್ತು ತಡೀತಿದ್ದ ಅಂತ ನೋಡಿದವರು ಈಗ ಹುಡುಕಿದರೂ ಸಿಗಲ್ಲ. ಉಳಿದಿರೋದು ಹಾಡು ಮತ್ತು ಮಾತಿನ ಪುಸ್ತಕ ಅಷ್ಟೆ. ಅದನ್ನೂ ನಾವು ಆಡಿಲ್ಲ.

ಅದಕ್ಕೆ, ನಾವು ಐದಾರು ಜನ ಕೂತು 'ಮುಂಬಯಿ ಕುಣಾಚಿ'ಯನ್ನ ನಮ್ಮ ಕಡೆಯ ಕನ್ನಡಕ್ಕೆ ತರ್ತಿದೀವಿ. ಅರ್ಧ ಆಗಿದೆ. ಮಾತು ಸರಳ, ಹಾಡಿಗೆ ಧಾಟಿ ಕೂರಿಸೋದೇ ಕಷ್ಟ. ಬೆಳಿಗ್ಗೆ ಎಂಎಲ್ಎ ಅಂತ ಕೇಳಿದ ಹುಡುಗ ಮಿಲ್ ಕೂಲಿಯ ಪಾತ್ರಕ್ಕೆ ಒಪ್ಪಿದಾನೆ. ಮುತ್ತ್ಯಾನ ಹಲಗಿ ಅಟ್ಟದ ಮೇಲಿತ್ತು, ಇಳಿಸಿದೆ. ತೊಗಲು ಒಂದು ಕಡೆ ಹರಿದಿದೆ. ಹೊಸದಾಗಿ ಬಿಗಿಯೋಕೆ ಬರೋರು ನಿಪ್ಪಾಣಿ, ಚಿಕ್ಕೋಡಿ ಕಡೆ ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ.