ಹವಳದ ಬಿಳುಪು: ಲೋ ದ್ವೀಪಗಳ ಪ್ರಯೋಗಗಳು ಮತ್ತು ಅವುಗಳ ಅರ್ಥ

ಹವಳದ ದಿಬ್ಬಗಳ ಅಧ್ಯಯನದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಡಾರ್ವಿನ್ನರ 1842ರ ಗ್ರಂಥದಿಂದ ಆರಂಭಿಸುತ್ತಾರೆ. ಅದು ಸಹಜವೇ. ಕುಸಿಯುತ್ತಿರುವ ದ್ವೀಪದ ಅಂಚಿನಲ್ಲಿ ಹವಳವು ಮೇಲ್ಮುಖವಾಗಿ ಬೆಳೆದು ಕೊನೆಗೆ ಉಂಗುರದಂತಹ ದ್ವೀಪವಾಗುತ್ತದೆ ಎಂಬ ಅವರ ಸಿದ್ಧಾಂತವು ಭೂವಿಜ್ಞಾನಿಗಳನ್ನು ನೂರು ವರ್ಷಕಾಲ ಚರ್ಚೆಯಲ್ಲಿ ತೊಡಗಿಸಿತು. ಆದರೆ ಆ ಚರ್ಚೆಯಲ್ಲಿ ಹವಳವೆಂಬ ಪ್ರಾಣಿಯು ಬಹುಮಟ್ಟಿಗೆ ಗಾರೆಯವನಾಗಿಯೇ ಉಳಿಯಿತು. ಆ ಗಾರೆಯವನು ಉಣ್ಣುವುದೇನು ಎಂದು ಕೇಳಿದವರು ವಿರಳ.

ಹವಳದ ಪ್ರತಿಯೊಂದು ಜೀವಿಗೂ ಒಂದು ಬಾಯಿ, ಅದರ ಸುತ್ತ ಕುಟುಕುವ ಕರಬಳ್ಳಿಗಳು, ಅಡಿಯಲ್ಲಿ ತಾನೇ ಕಟ್ಟಿಕೊಂಡ ಸುಣ್ಣದ ಬಟ್ಟಲು ಇರುತ್ತವೆ. ದಿಬ್ಬ ಕಟ್ಟುವ ಜಾತಿಗಳಲ್ಲಿ ಇವಲ್ಲದೆ, ಒಳಪದರದ ಕೋಶಗಳ ತುಂಬ ಕಂದುಬಣ್ಣದ ಏಕಕೋಶ ಪಾಚಿಗಳು ವಾಸವಾಗಿರುತ್ತವೆ. ಪ್ರಾಣಿದೇಹದಲ್ಲಿ ನೆಲೆಸುವ ಇಂತಹ ಪಾಚಿಗೆ ಜರ್ಮನಿಯ ಬ್ರಾಂಟ್ 1881ರಲ್ಲಿ ಜೂಕ್ಸಾಂಥೆಲ್ಲ ಎಂದು ಹೆಸರಿಟ್ಟರು. ಅದು ಅತಿಥಿಯೋ, ಗೇಣಿ ತೆರುವ ಒಕ್ಕಲೋ, ಉಣ್ಣುವುದಕ್ಕೆ ಬೆಳೆಸಿಕೊಂಡ ಪೈರೋ ಎಂಬುದು ವಿವಾದಗ್ರಸ್ತವಾಗಿತ್ತು. ಹವಳವು ಪಾಚಿಯನ್ನು ಜೀರ್ಣಿಸಿಕೊಳ್ಳುತ್ತದೆಂದು ಡಚ್ ಪ್ರಾಣಿಶಾಸ್ತ್ರಜ್ಞ ಬೋಷ್ಮಾ 1920ರ ದಶಕದಲ್ಲಿ ವಾದಿಸಿದರು.

1928ರ ಜುಲೈ ತಿಂಗಳಲ್ಲಿ ಬ್ರಿಟಿಷ್ ವಿಜ್ಞಾನಿಗಳ ತಂಡವೊಂದು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ತೀರದ ಪೋರ್ಟ್ ಡಗ್ಲಾಸ್ ಊರಿಗೆ ಎದುರಾಗಿರುವ ಲೋ ದ್ವೀಪಗಳಲ್ಲಿ ಬೀಡುಬಿಟ್ಟಿತು. ನಾಯಕರಾದ ಮಾರಿಸ್ ಯಂಗ್ ಅವರಿಗೆ ಆಗ 28 ವರ್ಷ. ಪತ್ನಿ ಮ್ಯಾಟಿ ತಂಡದ ವೈದ್ಯೆ. ದೀಪಸ್ತಂಭವನ್ನು ಬಿಟ್ಟರೆ ಹೆಚ್ಚೇನೂ ಇಲ್ಲದ ಆ ನೆಲೆಯಲ್ಲಿ ಒಂದು ವರ್ಷ ದುಡಿಮೆ ನಡೆಯಿತು. ಯಂಗ್ ಮತ್ತು ನಿಕೋಲ್ಸ್ ಹವಳಗಳಿಗೆ ನಾನಾ ಆಹಾರಗಳನ್ನೊಡ್ಡಿ ನೋಡಿದರು. ಅವು ಪ್ರಾಣಿಜನ್ಯವಾದುದನ್ನು ಮಾತ್ರ ಜೀರ್ಣಿಸಿಕೊಂಡವು. ಬೆಳಕು ಹೊಗದ ಪೆಟ್ಟಿಗೆಗಳಲ್ಲಿಟ್ಟ ಹವಳಗಳು ಪಾಚಿಯನ್ನು ಕಳೆದುಕೊಂಡು ಬೆಳ್ಳಗಾದವು. ಆದರೂ ಬೇಟೆ ದೊರೆಯುವವರೆಗೆ ಬದುಕಿದ್ದವು. ಪಾಚಿಯುಳ್ಳ ಹವಳವು ನೀರಿನ ರಂಜಕವನ್ನು ಹೀರಿಕೊಳ್ಳುವುದೂ ಕಂಡುಬಂದಿತು. ಆದಕಾರಣ ಹವಳವು ಅಪ್ಪಟ ಮಾಂಸಾಹಾರಿ, ಪಾಚಿಯು ಅದರ ಕಲ್ಮಷವನ್ನು ತೆಗೆಯುವ ಜಾಡಮಾಲಿ ಮಾತ್ರ ಎಂದು ಅವರು ನಿರ್ಣಯಿಸಿದರು.

ಅದೇ ತಂಡಕ್ಕೆ ಇನ್ನೊಂದು ಸಂಗತಿಯೂ ಗೋಚರಿಸಿತು. 1929ರ ಆ ದಕ್ಷಿಣಾರ್ಧಗೋಳದ ಬೇಸಗೆಯಲ್ಲಿ ದಿಬ್ಬದ ಮೇಲಿನ ಆಳವಿಲ್ಲದ ನೀರು ಕಾದಾಗ ಹವಳಗಳು ಪಾಚಿಯನ್ನು ಹೊರಹಾಕಿ ಬಿಳುಪೇರಿದವು. ಪ್ರಯೋಗಪಾತ್ರೆಯಲ್ಲಿ ಉಷ್ಣಮಾನ ಏರಿಸಿದಾಗಲೂ, ಉಪವಾಸವಿಟ್ಟಾಗಲೂ ಇದೇ ಆಯಿತು. ವೀಕ್ಷಣೆ ಅತ್ಯಂತ ಬೆಲೆಯುಳ್ಳದ್ದು. ಆದರೆ ಜಾಡಮಾಲಿಯೊಬ್ಬ ಮನೆ ಬಿಟ್ಟು ಹೋದರೆ ಯಜಮಾನ ಸಾಯುವನೆಂದು ಯಾರು ಆತಂಕಪಟ್ಟಾರು?

ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಇಲ್ಲಿ ಪ್ರಯೋಗದ ದೋಷವಿಲ್ಲ, ಪ್ರಶ್ನೆಯ ದೋಷವಿದೆ. ಹವಳವು ಪಾಚಿಯನ್ನು ತಿನ್ನುತ್ತದೆಯೇ ಎಂದು ಕೇಳಲಾಯಿತೇ ಹೊರತು, ಜೀವಂತ ಪಾಚಿಯೇ ಆಹಾರವನ್ನು ಕರಗಿದ ರೂಪದಲ್ಲಿ ಸ್ರವಿಸಬಹುದೆಂಬುದು ಪರೀಕ್ಷೆಗೆ ಬರಲಿಲ್ಲ. ಅದಕ್ಕೆ ಬೇಕಾದ ವಿಕಿರಣಶೀಲ ಇಂಗಾಲವೂ ಆಗ ಇರಲಿಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. 1958ರಲ್ಲಿ ಮಸ್ಕಟೈನ್ ಮತ್ತು ಹ್ಯಾಂಡ್ ಅಂತಹ ಇಂಗಾಲವನ್ನು ಬಳಸಿ, ಕಡಲಹೂವೊಂದರಲ್ಲಿ ಪಾಚಿಯು ತಯಾರಿಸಿದ ಪದಾರ್ಥ ಪ್ರಾಣಿಯ ದೇಹಕ್ಕೆ ಸಾಗುವುದನ್ನು ತೋರಿಸಿದರು. ಮರುವರ್ಷ ಜಮೈಕದಲ್ಲಿ ಗೊರೊ ಅವರು, ಪಾಚಿಯೂ ಬೆಳಕೂ ಇದ್ದಾಗ ಹವಳ ಹಲವು ಪಟ್ಟು ವೇಗವಾಗಿ ಸುಣ್ಣ ಕಟ್ಟುವುದನ್ನು ಅಳೆದರು. ಹವಳದ ಪಾಚಿಯಿಂದ ಗ್ಲಿಸರಾಲ್ ಹೊರಬರುವುದನ್ನು 1967ರಲ್ಲಿ ಮಸ್ಕಟೈನ್ ಪ್ರಕಟಿಸಿದರು. ಜಾಡಮಾಲಿಯೆಂದು ಎಣಿಸಿದವನು ಅಡುಗೆಯವನೂ ಆಗಿದ್ದನು.

ಹೀಗಾದ ಮೇಲೆ ಬಿಳುಪಿನ ಅರ್ಥವೇ ಬದಲಾಯಿತು. ಬೆಳ್ಳಗಾದ ಹವಳವು ಸತ್ತ ಹವಳವಲ್ಲ, ಹಸಿದ ಹವಳ. 1963ರಲ್ಲಿ ಫ್ಲೋರಾ ಚಂಡಮಾರುತದ ಮಳೆನೀರು ಜಮೈಕದ ಕಡಲಿಗೆ ನುಗ್ಗಿದಾಗಲೂ ಹವಳಗಳು ಸಾಮೂಹಿಕವಾಗಿ ಪಾಚಿಯನ್ನು ಹೊರಹಾಕಿದ್ದನ್ನು ಗೊರೊ ದಾಖಲಿಸಿದ್ದರು. ಆದರೆ ಕೆಡುಕಿನ ಮುಖ್ಯ ಕಾರಣ ಉಷ್ಣವೇ. ಸ್ಥಳದ ರೂಢಿಯ ಬೇಸಗೆಗಿಂತ ನೀರು ಒಂದೇ ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು; ಪಾಚಿಯ ದ್ಯುತಿಸಂಶ್ಲೇಷಣೆಯ ಯಂತ್ರ ಕೆಟ್ಟು ಹಾನಿಕರವಾದ ಆಮ್ಲಜನಕ ರೂಪಗಳು ಹುಟ್ಟುತ್ತವೆ, ಹವಳವು ಒಕ್ಕಲನ್ನು ಹೊರದೂಡುತ್ತದೆ. ಬೇಗನೆ ನೀರು ತಣಿದರೆ ಉಳಿದ ಪಾಚಿ ಮತ್ತೆ ಹೆಚ್ಚುತ್ತದೆ. ತಣಿಯದಿದ್ದರೆ ಹಸಿವೇ ಸಾವಾಗುತ್ತದೆ. 1982-83ರ ಎಲ್ ನಿನ್ಯೋದಲ್ಲಿ ಗಾಲಾಪಗೋಸ್ ದ್ವೀಪಗಳ ಹವಳದ ನೂರಕ್ಕೆ 95ಕ್ಕೂ ಮಿಕ್ಕ ಭಾಗ ನಾಶವಾಯಿತು.

1998ರಲ್ಲಿ ಬಿಳುಪು ಭೂಮಂಡಲವನ್ನೇ ವ್ಯಾಪಿಸಿ ಲಕ್ಷದ್ವೀಪವನ್ನೂ ಮುಟ್ಟಿತು. ಆ ದ್ವೀಪಸಮೂಹದ ಉತ್ತರಭಾಗವಾದ ಅಮಿನಿದೀವಿ ದ್ವೀಪಗಳು 1956ರವರೆಗೆ ಮಂಗಳೂರಿನಿಂದಲೇ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ, ಆಳಲ್ಪಡುತ್ತಿದ್ದವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆತಿರಬಹುದು. 2016ರಲ್ಲಿ ಆಸ್ಟ್ರೇಲಿಯದ ಮಹಾತಡೆದಿಬ್ಬ ಮತ್ತೆ ಬೆಳ್ಳಗಾಯಿತು. ಅತಿ ಹೆಚ್ಚು ಹಾನಿಯಾದ ಸುಮಾರು 700 ಕಿಲೋಮೀಟರ್ ಉದ್ದದ ಭಾಗದಲ್ಲಿ ಆಳವಿಲ್ಲದ ನೀರಿನ ಹವಳದ ಮೂರರಲ್ಲಿ ಎರಡು ಪಾಲು ಸತ್ತಿದೆಯೆಂದು ಅಲ್ಲಿಯ ಸಂಶೋಧಕರು ಆ ವರ್ಷದ ನವೆಂಬರಿನಲ್ಲಿ ವರದಿ ಮಾಡಿದರು. ಆ ಭಾಗವು ಪೋರ್ಟ್ ಡಗ್ಲಾಸಿನಿಂದ ಉತ್ತರಕ್ಕೆ ಹಬ್ಬಿದ್ದಿತು. ಲೋ ದ್ವೀಪಗಳು ಅದೇ ಊರಿನ ಎದುರಿನವು.