ಬೀಗದ ಕೈ ಯಾರ ಸೊಂಟದಲ್ಲಿ?

ಮನೆಯ ಯಜಮಾನಿಕೆ ಯಾರದೆಂದು ತಿಳಿಯಬೇಕಾದರೆ ಪಡಸಾಲೆಯ ಕುರ್ಚಿಯಲ್ಲಿ ಕುಳಿತವರನ್ನು ನೋಡಬಾರದು, ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿ ತೂಗುತ್ತಿದೆ ಎಂದು ನೋಡಬೇಕು ಎನ್ನುತ್ತಿದ್ದರು ನಮ್ಮತ್ತೆ. ಅವರು ಹೇಳುತ್ತಿದ್ದುದು ಮನೆಯ ಮಾತು. ಆದರೆ ನಾನು ಬೆಂಗಳೂರಿಗೆ ಸೊಸೆಯಾಗಿ ಬಂದು, ನಲ್ಲಿ, ಚರಂಡಿ, ಬೀದಿದೀಪ, ಕಸ ಎಂದು ಕಚೇರಿಯಿಂದ ಕಚೇರಿಗೆ ಅಲೆದ ಮೇಲೆ, ಊರಿನ ಆಡಳಿತಕ್ಕೂ ಇದೇ ಅಳತೆಗೋಲು ಸರಿಯೆನ್ನಿಸಿದೆ.

ಅತ್ತೆಯವರ ಬಾಯಲ್ಲಿ ಕೊನೆಯವರೆಗೂ ಅದು 'ಮುನಿಸಿಪಾಲ್ಟಿ'ಯೇ. ಕಾರ್ಪೊರೇಷನ್ ಆಗಿ ಎಷ್ಟು ವರ್ಷವಾದರೂ ಅವರ ನಾಲಿಗೆ ಹೊರಳಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. 1862ರ ಮಾರ್ಚಿಯಲ್ಲಿ ಪೇಟೆಯ ಒಂಬತ್ತು ಜನ ಗಣ್ಯರು ಸೇರಿ, 1850ರ ಪಟ್ಟಣ ಸುಧಾರಣಾ ಕಾಯ್ದೆಯ ಕೆಳಗೆ ಮುನಿಸಿಪಲ್ ಮಂಡಲಿಯೊಂದನ್ನು ಮಾಡಿಕೊಂಡದ್ದೇ ಈ ಕಥೆಯ ಮೊದಲು. ಅಂಥದೇ ಇನ್ನೊಂದು ಮಂಡಲಿ ಅತ್ತ ದಂಡಿನ ಪ್ರದೇಶದಲ್ಲೂ ಹುಟ್ಟಿತು. ಅಂದರೆ ಒಂದೇ ಊರಿನ ಹೆಸರಿನಲ್ಲಿ ಎರಡು ಒಲೆ! ಪೇಟೆಗೊಂದು, ದಂಡಿಗೊಂದು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದಾಗಲೂ ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. ನಡುವೆ ಕಬ್ಬನ್ ಪಾರ್ಕು. ಆಚೆ ಒಂದು ಕಾನೂನು, ಈಚೆ ಒಂದು ಕಾನೂನು. ಎರಡೂ ಒಲೆಗಳು ಒಂದಾಗಲು ಸ್ವಾತಂತ್ರ್ಯ ಬಂದು ಎರಡು ವರ್ಷ ಕಳೆದು, 1949 ಬರಬೇಕಾಯಿತು.

ಮೊದಮೊದಲು ಮಂಡಲಿಯ ಸದಸ್ಯರೆಲ್ಲ ಸರ್ಕಾರ ನೇಮಿಸಿದವರು. 1882ರ ಹೊತ್ತಿಗೆ ಅರ್ಧದಷ್ಟು ಸದಸ್ಯರನ್ನು ಆರಿಸಿಕೊಳ್ಳಲು ಅವಕಾಶವಾಯಿತು. ಮನೆಗಂದಾಯವೂ ಅದೇ ಕಾಲದಲ್ಲಿ ಬಂದಿತು. ಈ ಎರಡೂ ಜೊತೆಜೊತೆಯಾಗಿ ಬಂದದ್ದು ನನಗೆ ಅರ್ಥಪೂರ್ಣವೆನ್ನಿಸುತ್ತದೆ. ಮನೆಖರ್ಚಿಗೆ ದುಡ್ಡು ಕೊಡುವವರು ಲೆಕ್ಕ ಕೇಳದೆ ಇರುತ್ತಾರೆಯೇ? ಕಂದಾಯ ಕೊಡುವವನಿಗೆ ಲೆಕ್ಕ ಕೇಳುವ ಹಕ್ಕೂ ಉಂಟು ಎಂಬುದೇ ಊರಾಳಿಕೆಯ ಬೇರು.

ಆದರೆ ಜನ ಮುನಿಸಿಪಾಲಿಟಿಯ ಬೆಲೆ ಅರಿತದ್ದು ಕಂದಾಯದಿಂದಲ್ಲ, ನೀರಿನಿಂದ ಮತ್ತು ರೋಗದಿಂದ. ಕೆರೆ ಬಾವಿಗಳ ನೀರು ಸಾಲದೆ ಹೋದಾಗ, 1894ರಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ತರುವ ಯೋಜನೆ ಶುರುವಾಗಿ ಎರಡು ವರ್ಷಗಳಲ್ಲಿ ನೀರು ಹರಿಯಿತು. ಕೊಡ ಹೊತ್ತು ನಡೆದವರಿಗೇ ಗೊತ್ತು ನಲ್ಲಿಯ ಸುಖ. ಅದಾದ ಸ್ವಲ್ಪ ದಿನಕ್ಕೇ, 1898ರಲ್ಲಿ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸತ್ತರು, ಉಳಿದವರು ಮನೆ ಬಿಟ್ಟು ಬಯಲಿಗೆ ಓಡಿದರು. ಹೆಂಗಸರು ಪ್ಲೇಗಿನಮ್ಮನಿಗೆ ಗುಡಿ ಕಟ್ಟಿ ಹರಕೆ ಹೊತ್ತರು. ಸರ್ಕಾರ ಮತ್ತು ಮುನಿಸಿಪಾಲಿಟಿ ಅಗಲ ರಸ್ತೆ, ಗಾಳಿ ಬೆಳಕಿರುವ ನಿವೇಶನಗಳತ್ತ ನೋಡಿದವು. ಆಗಲೇ ಗುರುತು ಹಾಕಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಮನೆಗಳು ಏಳತೊಡಗಿದ್ದು ಈ ಭಯದಿಂದಲೇ. ಇವತ್ತು ನಾವು ಮೆಚ್ಚಿಕೊಳ್ಳುವ ಅಲ್ಲಿನ ನೇರವಾದ ಬೀದಿಗಳ ಅಡಿಯಲ್ಲಿ ಎಷ್ಟು ಮನೆಗಳ ಕಣ್ಣೀರಿದೆಯೋ!

1949ರಲ್ಲಿ ಎರಡೂ ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಎಪ್ಪತ್ತು ಜನ ಚುನಾಯಿತ ಸದಸ್ಯರು, ಮೇಯರ್ ಎಂಬ ಹೊಸ ಪದವಿ. ಮರುವರ್ಷ ಚುನಾವಣೆಯೂ ನಡೆಯಿತು. ಮೇಯರ್ ಎಂದರೆ ನಗರದ ಪ್ರಥಮ ಪ್ರಜೆ. ನಿಲುವಂಗಿ, ಮಾಲೆ, ಸ್ವಾಗತ ಭಾಷಣ ಎಲ್ಲ ಅವರದು. ಇಲ್ಲಿ ಅತ್ತೆಯವರ ಮಾತು ನೆನೆಯಿರಿ. ಕುರ್ಚಿ ಮೇಯರರದು, ಬೀಗದ ಕೈ? ಅದು ಕಮಿಷನರರ ಬಳಿ. ಕಮಿಷನರರನ್ನು ನೇಮಿಸುವುದು ರಾಜ್ಯ ಸರ್ಕಾರ, ವರ್ಗ ಮಾಡುವುದೂ ಅದೇ. ಸಭೆ ಆಯವ್ಯಯಕ್ಕೆ ಒಪ್ಪಿಗೆ ಕೊಡಬಹುದು, ಸ್ಥಾಯಿ ಸಮಿತಿಗಳು ಪರಿಶೀಲಿಸಬಹುದು. ಕೆಲಸ ಮಾಡಿಸುವ ಅಧಿಕಾರ ಮಾತ್ರ ಕಮಿಷನರರದು. 1976ರ ಕಾಯ್ದೆಯಲ್ಲಿ ಮೇಯರರ ಅವಧಿಯೂ ಒಂದೇ ವರ್ಷ. ಹೊಸ ಸೊಸೆಗೆ ಯಾವ ಡಬ್ಬಿಯಲ್ಲಿ ಏನಿದೆಯೆಂದು ತಿಳಿಯುವುದಕ್ಕೇ ಒಂದು ವರ್ಷ ಬೇಕು. ಅಷ್ಟರಲ್ಲಿ ತವರಿಗೆ ಕಳಿಸಿಬಿಟ್ಟರೆ ಅವಳು ಸಂಸಾರ ಮಾಡುವುದೆಂದು?

ಇನ್ನೊಂದು ಸಂಗತಿ. ಕಾರ್ಪೊರೇಷನ್ನಿನ ಕೈಯಿಂದ ಒಂದೊಂದೇ ಪಾತ್ರೆ ಜಾರುತ್ತ ಬಂತು. ಬಡಾವಣೆ ಮಾಡುವ ಕೆಲಸ 1945ರಿಂದ ಅಭಿವೃದ್ಧಿ ಟ್ರಸ್ಟ್ ಬೋರ್ಡಿನದಾಗಿತ್ತು, 1976ರಲ್ಲಿ ಅದು ಬಿ.ಡಿ.ಎ.ಗೆ ಹೋಯಿತು. ನೀರು ಮತ್ತು ಒಳಚರಂಡಿಗೆ 1964ರಲ್ಲಿ ಜಲಮಂಡಲಿ ಬಂದಿತು. ಹೀಗಾಗಿ ನಲ್ಲಿ ನೀರು ಬಾರದಿದ್ದರೆ ಕೇಳಬೇಕಾದ್ದು ಒಂದು ಕಡೆ, ಮನೆಯ ಮುಂದಿನ ಮಳೆನೀರಿನ ಮೋರಿ ಕಟ್ಟಿಕೊಂಡರೆ ಇನ್ನೊಂದು ಕಡೆ. ನಮ್ಮ ಬೀದಿಯಲ್ಲೊಮ್ಮೆ ಪೈಪಿಗೆಂದು ಅಗೆದ ಗುಂಡಿ ಮೂರು ತಿಂಗಳು ಬಾಯಿ ತೆರೆದುಕೊಂಡಿತ್ತು. ಅಗೆದವರು, ಮುಚ್ಚುವುದು ನಮ್ಮ ಕೆಲಸವಲ್ಲ ಎಂದರು. ರಸ್ತೆಯವರು, ಅಗೆದದ್ದು ನಾವಲ್ಲ ಎಂದರು. ಇಬ್ಬರದೂ ನಿಜವೇ. ಬಿದ್ದು ಕಾಲು ಉಳುಕಿಸಿಕೊಂಡವಳು ಮಾತ್ರ ಹಾಲು ತರಲು ಹೋಗಿದ್ದ ಪಕ್ಕದ ಮನೆಯಾಕೆ.

ಈ ಕಥೆಯಲ್ಲಿ ಹೆಂಗಸರು ಒಳಗೆ ಬಂದದ್ದು ಯಾವಾಗ? ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದು, ಪಟ್ಟಣ ನಗರಗಳ ಸಭೆಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳು ಹೆಂಗಸರಿಗೆ ಮೀಸಲಾದವು. ಮುಂದೆ ಕರ್ನಾಟಕದಲ್ಲಿ ಅದು ಅರ್ಧಕ್ಕೇರಿತು. ಶುರುವಿನಲ್ಲಿ 'ಸದಸ್ಯೆ ಅವಳು, ಆಡಳಿತ ಗಂಡನದು' ಎಂಬ ನಗೆಮಾತು ಎಲ್ಲೆಲ್ಲೂ ಕೇಳುತ್ತಿತ್ತು. ಅದರಲ್ಲಿ ಸುಳ್ಳೂ ಇರಲಿಲ್ಲ. ಆದರೆ ಎರಡನೆಯ ಸಲ ಗೆದ್ದವಳ ದನಿ ಮೊದಲಿನಂತಿರುವುದಿಲ್ಲ. ಸಾರ್ವಜನಿಕ ಶೌಚಾಲಯ, ಕತ್ತಲ ತಿರುವಿನ ದೀಪ, ಹೆರಿಗೆ ಆಸ್ಪತ್ರೆಯ ನೀರು, ಇವನ್ನು 'ಸಣ್ಣ ವಿಷಯ' ಎಂದು ಸಭೆಯಲ್ಲಿ ಯಾರೂ ತಳ್ಳಿಹಾಕದಂತೆ ಮಾಡಬಲ್ಲವರು ಅವನ್ನು ಉಂಡವರೇ. 2016ರಲ್ಲಿ ಜಿ. ಪದ್ಮಾವತಿ, 2018ರಲ್ಲಿ ಗಂಗಾಂಬಿಕೆ ಮಲ್ಲಿಕಾರ್ಜುನ್ ಮೇಯರ್ ಪೀಠದಲ್ಲಿ ಕುಳಿತರು.

ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಹೇಳಿದೆ: ಸಭೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು. ಬೆಂಗಳೂರಿನಲ್ಲಿ ಆದದ್ದೇನು? 2006ರ ಕೊನೆಯಲ್ಲಿ ಸಭೆ ಹೋಯಿತು. 2007ರಲ್ಲಿ ಹಳೆಯ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ಅದರ 198 ವಾರ್ಡುಗಳಿಗೆ ಚುನಾವಣೆ ನಡೆದದ್ದು 2010ರಲ್ಲಿ. ಮತ್ತೆ 2015ರಲ್ಲಿ. ಆ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆ ಹೋಗಿ ಐದು ಪಾಲಿಕೆಗಳು ಹುಟ್ಟಿದಾಗಲೂ ಒಬ್ಬ ಚುನಾಯಿತ ಸದಸ್ಯರೂ ಇರಲಿಲ್ಲ. ಐದು ವರ್ಷ ಕಂದಾಯವೇನೂ ನಿಲ್ಲಲಿಲ್ಲ, ಲೆಕ್ಕ ಕೇಳಲು ನಮ್ಮವರೆಂಬುವರು ಮಾತ್ರ ಇರಲಿಲ್ಲ. 1882ಕ್ಕೆ ಮೊದಲಿದ್ದ ಸ್ಥಿತಿಗೂ ಇದಕ್ಕೂ ವ್ಯತ್ಯಾಸವೇನು, ನೀವೇ ಹೇಳಿ.

ಮನೆ ದೊಡ್ಡದಾದಾಗ ಪಾಲಾಗುವುದು ಲೋಕರೂಢಿ. ಒಂದನ್ನು ಐದು ಮಾಡಿದ್ದು ಒಳ್ಳೆಯದಕ್ಕೇ ಇರಬಹುದು, ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಈ ಐದರ ಮೇಲೂ ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರುವ ಪ್ರಾಧಿಕಾರವೊಂದಿದೆ. ಗೋಡೆ ಎಬ್ಬಿಸಿದ ಮೇಲೂ ಬೀಗದ ಕೈ ಗೊಂಚಲು ದೊಡ್ಡಮನೆಯಲ್ಲೇ ಉಳಿಯುವುದಾದರೆ, ಪಾಲಾದದ್ದು ಗೋಡೆ ಮಾತ್ರ, ಅಧಿಕಾರವಲ್ಲ.

ನಿಮ್ಮ ಊರು ಚಿಕ್ಕದಿರಬಹುದು. ಪುರಸಭೆಯೋ ನಗರಸಭೆಯೋ ಇರಬಹುದು. ಮತ ಕೇಳಲು ಬಂದವರನ್ನು, ನೀರು ಬಿಡಿಸುತ್ತೀರಾ, ದೀಪ ಹಾಕಿಸುತ್ತೀರಾ ಎಂದಷ್ಟೇ ಕೇಳಿ ಕಳಿಸಬೇಡಿ. 'ಇದರಲ್ಲಿ ನಿಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು? ಇಲ್ಲದ್ದನ್ನು ಯಾರಿಂದ ಕೇಳಿ ತರುತ್ತೀರಿ?' ಎಂದು ಕೇಳಿ. ಉತ್ತರ ತಿಳಿದವರು ಸಿಕ್ಕರೆ, ಪಕ್ಷ ಯಾವುದಾದರೂ ಇರಲಿ, ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸಿ.