ಒಬ್ಬನೇ ಆದಾಮ

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಸೃಷ್ಟಿಕಥೆ ಬಹು ಮಂದಿಗೆ ಗೊತ್ತಿರುವಂಥದು. ಆರು ದಿನಗಳಲ್ಲಿ ಬೆಳಕು, ಆಕಾಶ, ನೆಲ, ಗಿಡಮರ, ಮೀನು, ಹಕ್ಕಿ, ಮೃಗ ಎಲ್ಲ ಆಗಿ, ಕೊನೆಗೆ ಮನುಷ್ಯನೂ ಆದ. ಈ ಆರು ದಿನಗಳ ಲೆಕ್ಕವನ್ನು ಹಿಡಿದು ವಿಜ್ಞಾನಕ್ಕೂ ಧರ್ಮಕ್ಕೂ ನಡೆದ ಜಗಳವೂ ಪ್ರಸಿದ್ಧವೇ. ಆದರೆ ಆ ಜಗಳಕ್ಕೆ ಬಹಳ ಹಿಂದೆ, ಕಥೆ ಯಾರ ಮನೆಯದೋ ಆ ಯೆಹೂದ್ಯರು ಅದರ ಮುಂದೆ ಕುಳಿತು ಬೇರೆಯೇ ಒಂದು ಪ್ರಶ್ನೆಯನ್ನು ಕೇಳಿದ್ದರು. ಮೀನುಗಳನ್ನೂ ಹಕ್ಕಿಗಳನ್ನೂ ಹಿಂಡುಹಿಂಡಾಗಿ ಉಂಟುಮಾಡಿದ ದೇವರು, ಮಣ್ಣಿನಿಂದ ಆದಾಮನೊಬ್ಬನನ್ನೇ ಮಾಡಿದ್ದೇಕೆ? ಪ್ರಶ್ನೆಗಿಂತಲೂ ನನಗೆ ಆಶ್ಚರ್ಯವೆನಿಸುವುದು ಅದು ನಮಗೆ ಸಿಕ್ಕುವ ಜಾಗ. ದೇವಸ್ತುತಿಯ ನಡುವೆಯಾಗಲಿ ತತ್ತ್ವಚರ್ಚೆಯಲ್ಲಾಗಲಿ ಅಲ್ಲ, ಕೊಲೆಯ ಮೊಕದ್ದಮೆಯ ವಿಧಿಗಳಲ್ಲಿ ಅದು ಸಿಕ್ಕುತ್ತದೆ.

ಕ್ರಿ.ಶ. 70ರಲ್ಲಿ ರೋಮನರು ಜೆರೂಸಲೇಮಿನ ದೇವಾಲಯವನ್ನು ಸುಟ್ಟರು. 132ರಿಂದ 135ರವರೆಗೆ ನಡೆದ ಬಾರ್ ಕೋಖ್ಬಾನ ದಂಗೆಯೂ ಮಣ್ಣುಗೂಡಿತು. ಅಳಿದುಳಿದ ಪಂಡಿತರು ಉತ್ತರದ ಗಲಿಲಾಯದಲ್ಲಿ ನೆಲೆಸಿ, ಬಾಯಿಂದ ಬಾಯಿಗೆ ಬಂದಿದ್ದ ಕಟ್ಟಳೆಗಳನ್ನು ಉಳಿಸಿಕೊಂಡರು. ಸುಮಾರು 200ರ ಹೊತ್ತಿಗೆ ಯೆಹೂದಾ ಹಾನಾಸಿ ಎಂಬ ಹಿರಿಯನು ಅವನ್ನು ಒಂದು ಸಂಹಿತೆಯಾಗಿ ಜೋಡಿಸಿದ. ಅದೇ ಮಿಶ್ನಾ. ಅದರಲ್ಲಿ ಸನ್ಹೆದ್ರಿನ್ ಎಂಬ ಭಾಗ ನ್ಯಾಯಸ್ಥಾನಗಳಿಗೆ ಸಂಬಂಧಿಸಿದ್ದು. ಪ್ರಾಣದಂಡನೆಯ ಮೊಕದ್ದಮೆಗೆ 23 ಮಂದಿ ನ್ಯಾಯಾಧೀಶರು ಕೂರಬೇಕು. ಬಿಡುಗಡೆಗೆ ಒಂದು ಮತ ಹೆಚ್ಚಿದ್ದರೆ ಸಾಕು, ಶಿಕ್ಷೆಗೆ ಎರಡಾದರೂ ಹೆಚ್ಚಿರಬೇಕು. ಓದುತ್ತ ಹೋದರೆ ಪಕ್ಕದ ಬೀದಿಯಲ್ಲೇ ವಿಚಾರಣೆ ನಡೆಯುತ್ತಿದೆಯೋ ಎನಿಸುತ್ತದೆ. ವಾಸ್ತವವಾಗಿ ಆ ಅಧಿಕಾರ ಅವರ ಕೈಯಲ್ಲಿರಲೇ ಇಲ್ಲ. ದೇವಾಲಯ ಬೀಳುವ ನಲವತ್ತು ವರ್ಷ ಮೊದಲೇ ಅದು ಕೈತಪ್ಪಿತೆಂದು ಅವರ ತಾಲ್ಮುದೇ ಹೇಳುತ್ತದೆ. ಕತ್ತಿ ಕೈಬಿಟ್ಟ ಮೇಲೂ ಕತ್ತಿಯನ್ನು ಎತ್ತುವುದು ಹೇಗೆ, ಎತ್ತದಿರುವುದು ಹೇಗೆ ಎಂದು ಇಷ್ಟೊಂದು ಯೋಚಿಸಿದ ಜನ ಅಪರೂಪ.

ಸಾಕ್ಷಿಗಳನ್ನು ಒಳಕ್ಕೆ ಕರೆದು ಮೊದಲು ಅವರನ್ನು ಹೆದರಿಸಬೇಕು ಎಂಬುದು ಒಂದು ಕಟ್ಟಳೆ. ಹೇಳಬಂದದ್ದು ಊಹೆಯೋ, ಇನ್ನೊಬ್ಬರ ಬಾಯಿಂದ ಕೇಳಿದ್ದೋ, ಕಣ್ಣಾರೆ ಕಂಡದ್ದೋ? ಊಹೆ ಎಂದರೇನೆಂಬುದಕ್ಕೆ ತಾಲ್ಮುದ್ ಕೊಡುವ ದೃಷ್ಟಾಂತ ಮೈ ಜುಮ್ಮೆನ್ನಿಸುತ್ತದೆ. ಒಬ್ಬನು ಇನ್ನೊಬ್ಬನನ್ನು ಅಟ್ಟಿಸಿಕೊಂಡು ಪಾಳುಮನೆಯೊಳಕ್ಕೆ ನುಗ್ಗಿದ. ನೀವು ಬೆನ್ನಹಿಂದೆಯೇ ಓಡಿದಿರಿ. ಅವನ ಕೈಯ ಕತ್ತಿಯಿಂದ ರಕ್ತ ತೊಟ್ಟಿಕ್ಕುತ್ತಿದೆ. ಗಾಯಗೊಂಡವನು ನೆಲದ ಮೇಲೆ ಒದ್ದಾಡುತ್ತಿದ್ದಾನೆ. ಇಷ್ಟೇ ಕಂಡಿದ್ದರೆ ನೀವು ಏನನ್ನೂ ಕಂಡಿಲ್ಲ! ಇಂದಿನ ವಕೀಲರು ಕೇಳಿದರೆ ನಕ್ಕಾರು.

ಆಮೇಲೆ ಆದಿಕಾಂಡ ಬರುತ್ತದೆ. ಹಣದ ವ್ಯಾಜ್ಯದಲ್ಲಿ ಸುಳ್ಳು ಹೇಳಿದವನು ಹಣ ತೆತ್ತು ಪಾಪ ಕಳೆದುಕೊಂಡಾನು. ಪ್ರಾಣದ ವ್ಯಾಜ್ಯದಲ್ಲಿ ತೆರುವುದಕ್ಕೆ ಏನಿದೆ? ಕಾಯಿನನು ತಮ್ಮನಾದ ಹೇಬೆಲನನ್ನು ಕೊಂದ ಕಡೆ, ಹೀಬ್ರೂ ಮೂಲದಲ್ಲಿ ರಕ್ತವೆಂಬ ಶಬ್ದ ಬಹುವಚನದಲ್ಲಿದೆ. ವೈಯಾಕರಣನು ಭಾಷೆಯ ರೂಢಿಯೆಂದು ದಾಟಿಹೋಗಬಹುದಾದ ಪ್ರತ್ಯಯ ಅದು. ರಬ್ಬಿಗಳು ಬಿಡಲಿಲ್ಲ. ಅಲ್ಲಿ ಚೆಲ್ಲಿದ್ದು ಹೇಬೆಲನ ರಕ್ತವೊಂದೇ ಅಲ್ಲ, ಅವನಿಂದ ಮುಂದೆ ಹುಟ್ಟಬೇಕಾಗಿದ್ದವರೆಲ್ಲರ ರಕ್ತ ಎಂದು ಅರ್ಥಮಾಡಿದರು. ಆದಾಮನನ್ನು ಒಬ್ಬನನ್ನಾಗಿ ಸೃಷ್ಟಿಸಿದ್ದೂ ಇದನ್ನೇ ಕಲಿಸುವುದಕ್ಕೆ. ಲೋಕವೆಲ್ಲ ಒಮ್ಮೆ ಒಬ್ಬನೇ ಒಬ್ಬನೊಳಗೆ ಇತ್ತು. ಆದ್ದರಿಂದ ಒಂದು ಜೀವವನ್ನು ಕಳೆದವನು ಲೋಕವನ್ನೇ ಕಳೆದಂತೆ, ಒಂದು ಜೀವವನ್ನು ಉಳಿಸಿದವನು ಲೋಕವನ್ನೇ ಉಳಿಸಿದಂತೆ.

ಇದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸಿದರು: ನನ್ನ ಅಪ್ಪ ನಿನ್ನ ಅಪ್ಪನಿಗಿಂತ ದೊಡ್ಡವನೆಂದು ಯಾರೂ ಹೇಳದಿರಲಿ, ಜನರಲ್ಲಿ ಸಮಾಧಾನವಿರಲಿ ಎಂದು. ಮತ್ತೊಂದು ಹೋಲಿಕೆ ನಾಣ್ಯದ್ದು. ಮನುಷ್ಯನು ಒಂದೇ ಅಚ್ಚಿನಿಂದ ನೂರು ನಾಣ್ಯ ಒತ್ತಿದರೆ ನೂರೂ ಒಂದೇ ತೆರನಾಗಿರುತ್ತವೆ. ದೇವರು ಆದಾಮನ ಅಚ್ಚಿನಿಂದಲೇ ಎಲ್ಲರನ್ನೂ ಒತ್ತಿದರೂ ಒಬ್ಬನಂತೆ ಇನ್ನೊಬ್ಬನಿಲ್ಲ. ಹೇಳಿದವರ ಗಂಟಿನಲ್ಲಿದ್ದದ್ದು ರೋಮನ್ ಚಕ್ರವರ್ತಿಯ ಮುಖದ ನಾಣ್ಯವೆಂಬುದನ್ನು ನೆನೆದರೆ ಹೋಲಿಕೆಯ ಮೊನೆ ತಾಗುತ್ತದೆ.

ಇಷ್ಟು ಹೆದರಿಸಿದ ಮೇಲೆ ಸಾಕ್ಷಿ ಹೇಳುವವರು ಯಾರು? ಈ ಉಸಾಬರಿ ನಮಗೇಕೆಂದು ಎದ್ದು ಹೋದರೆ? ಅದನ್ನೂ ಮಿಶ್ನಾ ಮೊದಲೇ ಊಹಿಸಿದೆ: ತಿಳಿದೂ ಹೇಳದವನು ದೋಷಕ್ಕೆ ಒಳಗಾಗುತ್ತಾನೆಂದು ಯಾಜಕಕಾಂಡದ ವಿಧಿಯನ್ನು ಎದುರಿಗಿಡುತ್ತದೆ.

ಶಿಕ್ಷೆಯ ವಿಷಯದಲ್ಲಿ ರಬ್ಬಿಗಳಲ್ಲಿ ಒಮ್ಮತವಿರಲಿಲ್ಲ. ಏಳು ವರ್ಷಕ್ಕೊಬ್ಬನನ್ನು ಕೊಲ್ಲಿಸುವ ನ್ಯಾಯಸಭೆ ಘಾತಕವಾದದ್ದು ಎಂದು ಒಂದು ಮಾತು. ಎಪ್ಪತ್ತು ವರ್ಷಕ್ಕೊಬ್ಬನಾದರೂ ಘಾತಕವೇ ಎಂದು ಎಲಿಯಾಜರ್ ಬೆನ್ ಅಜರ್ಯ. ತಾವು ಆ ಸಭೆಯಲ್ಲಿದ್ದಿದ್ದರೆ ಒಬ್ಬನೂ ಸಾಯುತ್ತಿರಲಿಲ್ಲವೆಂದರು ತರ್ಫೋನ್ ಮತ್ತು ಅಕೀವ. ಸಿಮೆಯೋನ್ ಬೆನ್ ಗಮಲಿಯೇಲ್ ಮಾತ್ರ, ಹಾಗೆ ಮಾಡಿದ್ದರೆ ಕೊಲೆಗಡುಕರು ಹೆಚ್ಚುತ್ತಿದ್ದರೆಂದು ನೇರವಾಗಿ ಹೇಳಿಬಿಟ್ಟ. ಅವನ ಮಾತನ್ನು ಅಳಿಸದೆ ಉಳಿಸಿಕೊಂಡದ್ದೇ ನನಗೆ ಮೆಚ್ಚಿಗೆ. ಅಕೀವನಂತೂ ರೋಮನರ ಕೈಯಲ್ಲಿ ಚಿತ್ರಹಿಂಸೆಗೆ ಒಳಗಾಗಿ ಸತ್ತನೆಂದು ಪರಂಪರೆ ಹೇಳುತ್ತದೆ. ಧರ್ಮಶಾಸ್ತ್ರದ ಹಿರಿಯ ಸೂತ್ರ ಯಾವುದೆಂಬ ಪ್ರಶ್ನೆಗೆ, ನೆರೆಯವನನ್ನು ಪ್ರೀತಿಸಬೇಕೆಂಬ ವಿಧಿಯನ್ನು ಅವನು ತೋರಿಸಿದ್ದ. ಅವನ ಸಮಕಾಲೀನ ಬೆನ್ ಅಜ್ಜೈ, ಅದಕ್ಕಿಂತ ದೊಡ್ಡದುಂಟು ಎಂದು ಆದಾಮನ ವಂಶಾವಳಿ ಆರಂಭವಾಗುವ ವಾಕ್ಯವನ್ನು ತೋರಿಸಿದ. ನೆರೆಯವನೆಂದರೆ ಯಾರೆಂದು ವಾದಿಸುವುದಕ್ಕೆ ಎಡೆಯುಂಟು. ಆದಾಮನ ಮಗನಲ್ಲದವನು ಯಾರಿದ್ದಾನೆ?

ಆದರೂ ವಾದ ಹುಟ್ಟದೆ ಹೋಗಲಿಲ್ಲ. ಮಿಶ್ನಾದ ಸಾಮಾನ್ಯ ಮುದ್ರಿತ ಪ್ರತಿಗಳಲ್ಲಿ ‘ಒಂದು ಜೀವ’ ಎಂಬಲ್ಲಿ ‘ಇಸ್ರಾಯೇಲಿನ’ ಎಂಬ ಒಂದು ಶಬ್ದ ಸೇರಿಕೊಂಡಿದೆ. ಲೋಕದಷ್ಟು ಬೆಲೆ ಯೆಹೂದ್ಯನ ಜೀವಕ್ಕೆ ಮಾತ್ರ ಎಂದಂತಾಯಿತು. ಬುಡಾಪೆಸ್ಟಿನ ಹಂಗೇರಿಯನ್ ವಿಜ್ಞಾನ ಅಕಾಡೆಮಿಯಲ್ಲಿರುವ, ಮಿಶ್ನಾದ ಹಸ್ತಪ್ರತಿಗಳಲ್ಲೆಲ್ಲ ಶ್ರೇಷ್ಠವೆನಿಸಿದ ಕೌಫ್‌ಮನ್ ಪ್ರತಿಯಲ್ಲಿ ಆ ಶಬ್ದವಿಲ್ಲ. ಪಾರ್ಮಾದ ಹಳೆಯ ಪ್ರತಿಯಲ್ಲೂ ಇಲ್ಲ. ಜೆರೂಸಲೇಮಿನ ವಿದ್ವಾಂಸ ಎಫ್ರಾಯಿಮ್ ಉರ್ಬಾಖ್ 1971ರಲ್ಲಿ ಆಧಾರಗಳನ್ನೆಲ್ಲ ಕಲೆಹಾಕಿ, ಅದು ಮೂಲದ್ದಲ್ಲ, ಆಮೇಲೆ ಸೇರಿದ್ದೆಂದು ತೋರಿಸಿದರು. ಕುರಾನಿನ ಐದನೆಯ ಅಧ್ಯಾಯವೂ ಕಾಯಿನ–ಹೇಬೆಲರ ಕಥೆಯ ಬೆನ್ನಿಗೇ, ಇಸ್ರಾಯೇಲ್ಯರಿಗೆ ವಿಧಿಸಿದ್ದೆಂದು ಇದೇ ಮಾತನ್ನು ಹೇಳುತ್ತದೆ. ಅಲ್ಲಿಯೂ ಜೀವಕ್ಕೆ ಕುಲದ ಹೆಸರಿಲ್ಲ. ಇಷ್ಟಕ್ಕೂ ಹಸ್ತಪ್ರತಿ ನೋಡದವನಿಗೂ ಅನುಮಾನ ಬರಬೇಕಿತ್ತು. ಆದಿಕಾಂಡದ ಲೆಕ್ಕದಲ್ಲಿ ಯೆಹೂದ್ಯರ ಮೂಲಪುರುಷ ಅಬ್ರಹಾಮ ಹುಟ್ಟಿದ್ದು ಆದಾಮನಿಂದ ಇಪ್ಪತ್ತನೆಯ ತಲೆಮಾರಿನಲ್ಲಿ.